ಕರಡಿ ನೋಡುತ್ತಾ ಮೀನು ಹಿಡಿಯುವ ಕಾಡಿನ ಮನೆ ಹಂಪಿ ಹತ್ತಿರ ಇದೆಯೇ? ದರೋಜಿಗೆ ಹೊರಡುವ ಮುನ್ನ ಇಷ್ಟು ತಿಳಿದಿರಲಿ

ಹರಿಯುವ ಹೊಳೆಯ ನಡುವೆ ದೊಡ್ಡ ಕರಡಿಯೊಂದು ನಿಂತಿರುತ್ತದೆ. ಎಗರಿದ ಮೀನನ್ನು ಗಾಳಿಯಲ್ಲೇ ಬಾಯಿಗೆ ಹಾಕಿಕೊಳ್ಳುತ್ತದೆ. ದಂಡೆಯಲ್ಲಿ ಮರದ ಪುಟ್ಟ ಮನೆ, ಅದರ ಮುಂದೆ ಗಾಳ ಹಿಡಿದು ಕುಳಿತವರು. ಇಂಥ ವಿಡಿಯೋ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇದರ ಕೆಳಗೆ ಯಾರಾದರೂ ‘ನಮ್ಮ ಹಂಪಿ ಹತ್ತಿರವೇ ಇದೆ, ಸರ್ಕಾರದ ಮನೆ, ಬಾಡಿಗೆ ಕಡಿಮೆ’ ಎಂದು ಒಂದು ಸಾಲು ಸೇರಿಸಿದರೆ ಸಾಕು, ನಂಬುವುದಕ್ಕೆ ಕಾರಣವೂ ಇದೆ. ಹಂಪಿ ಪಕ್ಕದಲ್ಲಿ ಕರಡಿಧಾಮ ಇರುವುದು ನಿಜ. ನಾಲತವಾಡ, ಮುದ್ದೇಬಿಹಾಳದ ಕಡೆಯಿಂದ ಇಳಕಲ್, ಕುಷ್ಟಗಿ ದಾಟಿ ಹೊಸಪೇಟೆ ಮುಟ್ಟಿದರೆ ಅಲ್ಲಿಂದ ದೂರವೇನೂ ಇಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಕರಡಿ ನೋಡುವ ಗೋಪುರದ ಮೇಲಿರಬಹುದು.

ಮೊದಲೇ ಹೇಳಿಬಿಡುತ್ತೇವೆ: ಕರಡಿಯನ್ನು ನೋಡಬಹುದು. ಹತ್ತಿರದಲ್ಲಿ ಉಳಿದುಕೊಳ್ಳಲೂಬಹುದು. ಆದರೆ ಕರಡಿಧಾಮದೊಳಗೆ ಗಾಳ ಹಾಕುವ ಮಾತೇ ಇಲ್ಲ. ಆ ವಿಡಿಯೋದ ಕರಡಿಗೂ ನಮ್ಮ ಕರಡಿಗೂ ಸಂಬಂಧವೂ ಇಲ್ಲ.

ವಿಡಿಯೋದಲ್ಲಿರುವ ಕರಡಿ ಎಲ್ಲಿಯದು?

ಮೀನು ಹಿಡಿಯುವ ಕರಡಿಯ ಬಹುಪಾಲು ವಿಡಿಯೋಗಳು ಅಮೆರಿಕದ ಅಲಾಸ್ಕಾ ರಾಜ್ಯದವು. ಅಲ್ಲಿನ ಕಾಟ್ಮೈ ರಾಷ್ಟ್ರೀಯ ಉದ್ಯಾನದಲ್ಲಿ ಬ್ರೂಕ್ಸ್ ಎಂಬ ಸಣ್ಣ ಜಲಪಾತವಿದೆ. ಬೇಸಿಗೆಯಲ್ಲಿ ಸಾಲ್ಮನ್ ಮೀನುಗಳು ಸಮುದ್ರದಿಂದ ಹೊಳೆಗೆ ಏರಿ ಮೊಟ್ಟೆ ಇಡಲು ಬರುತ್ತವೆ. ಜಲಪಾತ ಹತ್ತಲು ಅವು ಜಿಗಿಯುವಾಗ ಕಂದು ಕರಡಿಗಳು ಮೇಲೆ ನಿಂತು ಹಿಡಿಯುತ್ತವೆ. ಅಲ್ಲಿ ಕ್ಯಾಮೆರಾ ಇಟ್ಟು ನೇರಪ್ರಸಾರ ಮಾಡುವುದರಿಂದ ತುಣುಕುಗಳು ಜಗತ್ತೆಲ್ಲ ಹರಿದಾಡುತ್ತವೆ.

ಸರ್ಕಾರದ ಮರದ ಮನೆಗಳೂ ಅಲ್ಲಿ ಸುಳ್ಳಲ್ಲ. ಅಲಾಸ್ಕಾದ ಕಾಡು, ಕರಾವಳಿಯಲ್ಲಿ ಅಮೆರಿಕದ ಅರಣ್ಯ ಸೇವೆ ಸಾರ್ವಜನಿಕರಿಗೆ ಇಂಥ ಮನೆಗಳನ್ನು ಬಾಡಿಗೆಗೆ ಕೊಡುತ್ತದೆ. ರ‍್ಯಾಂಗೆಲ್ ಪಟ್ಟಣದ ಹತ್ತಿರ ಅನಾನ್ ಎಂಬ ಹೊಳೆಯ ಬಳಿ ಒಂದಿದೆ. ಕಂದು ಕರಡಿ, ಅಮೆರಿಕದ ಕಪ್ಪು ಕರಡಿ ಎರಡೂ ಆ ಹೊಳೆಗೆ ಬರುತ್ತವೆ. ಜುಲೈ, ಆಗಸ್ಟ್‌ನಲ್ಲಿ ಅನುಮತಿ ಚೀಟಿ ಇಲ್ಲದೆ ನೋಡಲು ಬಿಡುವುದಿಲ್ಲ. ಫೋಟೋದಲ್ಲಿ ಕಾಣದ ಸಂಗತಿ ಬೇರೆ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಕರೆಂಟ್ ಇಲ್ಲ, ನಲ್ಲಿ ಇಲ್ಲ, ಅಡುಗೆಯವರಿಲ್ಲ, ಕಾವಲುಗಾರರಿಲ್ಲ. ದೋಣಿಯಲ್ಲೋ ನೀರಿನ ಮೇಲೆ ಇಳಿಯುವ ವಿಮಾನದಲ್ಲೋ ಹೋಗಬೇಕು. ಹಾಸಿಗೆ, ಅನ್ನ, ಔಷಧಿ ಎಲ್ಲ ನೀವೇ ಒಯ್ಯಬೇಕು, ಕಸವನ್ನು ನೀವೇ ವಾಪಸ್ ತರಬೇಕು. ಗಾಳಕ್ಕೆ ಸಿಕ್ಕ ಮೀನಿನ ವಾಸನೆ ಕರಡಿಯನ್ನು ಕರೆಯುತ್ತದೆ ಎಂಬ ಕಾರಣಕ್ಕೆ ಅದನ್ನು ಎಲ್ಲಿ ಸೀಳಬೇಕು, ಎಲ್ಲಿ ಇಡಬೇಕು ಎಂಬುದಕ್ಕೂ ನಿಯಮಗಳಿವೆ.

ವಿಡಿಯೋ ಗುರುತಿಸುವುದು ಕಷ್ಟವಲ್ಲ. ಮೈ ಕಂದು ಬಣ್ಣ, ಭುಜದ ಮೇಲೆ ಡುಬ್ಬ, ಬಾಯಲ್ಲಿ ಕೆಂಪು ಮೀನು ಇದ್ದರೆ ಅದು ನಮ್ಮದಲ್ಲ. ನಮ್ಮ ಕರಡಿಯದು ಜಡೆಗಟ್ಟಿದ ಉದ್ದ ಕಪ್ಪು ಕೂದಲು, ಬೂದು ಬಣ್ಣದ ಉದ್ದ ಮೂತಿ, ಎದೆಯ ಮೇಲೆ ಬಿಳಿ ಕೊರಳಪಟ್ಟಿಯಂಥ ಗುರುತು.

ನಮ್ಮ ಕರಡಿಗೆ ಮೀನು ಬೇಡ, ಗೆದ್ದಲು ಬೇಕು

ಕರ್ನಾಟಕದಲ್ಲಿರುವುದು ಒಂದೇ ಜಾತಿಯ ಕರಡಿ. ಇಂಗ್ಲಿಷ್‌ನಲ್ಲಿ ಸ್ಲಾತ್ ಬೇರ್ ಎನ್ನುತ್ತಾರೆ. ಆ ಹೆಸರೇ ಒಂದು ತಪ್ಪು ಗುರುತಿನಿಂದ ಬಂದದ್ದು. 1791ರಲ್ಲಿ ಜಾರ್ಜ್ ಶಾ ಎಂಬ ಪ್ರಾಣಿಶಾಸ್ತ್ರಜ್ಞ ಇದರ ಉದ್ದ ಉಗುರು ಮತ್ತು ಹಲ್ಲುಗಳನ್ನು ನೋಡಿ, ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ಜೋತು ಬೀಳುವ ನಿಧಾನಪ್ರಾಣಿ ಸ್ಲಾತ್‌ನ ನೆಂಟ ಇರಬೇಕೆಂದು ಹೆಸರಿಟ್ಟ. ಕರಡಿ ಎಂದು ಆಮೇಲೆ ಗೊತ್ತಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಸೋಮಾರಿ ಎಂದು ಭಾವಿಸಿ ಹತ್ತಿರ ಹೋದೀರಿ, ಜೋಕೆ. ಓಟದಲ್ಲಿ ಮನುಷ್ಯ ಇದಕ್ಕೆ ಸಾಟಿಯಲ್ಲ.

ಇದರ ಬಾಯಿ ಗೆದ್ದಲು ತಿನ್ನಲೆಂದೇ ರೂಪುಗೊಂಡಿದೆ. ಮೇಲಿನ ಸಾಲಿನ ನಡುವಿನ ಎರಡು ಬಾಚಿಹಲ್ಲುಗಳೇ ಇಲ್ಲ. ಉಗುರಿನಿಂದ ಹುತ್ತ ಕೆದರಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಯನ್ನು ಕೊಳವೆಯಂತೆ ಮಾಡಿ, ಹಲ್ಲಿನ ಆ ಸಂದಿಯಿಂದ ಗೆದ್ದಲನ್ನು ಸೊರ್ರೆಂದು ಎಳೆದುಕೊಳ್ಳುತ್ತದೆ. ಆ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ಉಳಿದಂತೆ ಇರುವೆ, ಜೇನು, ಬಾರೆ, ಕವಳೆ, ನೇರಳೆ, ಸೀತಾಫಲ, ಕಕ್ಕೆಕಾಯಿಯ ತಿರುಳು. ಕಾಡಂಚಿನಲ್ಲಿ ಹೊಲವಿದ್ದರೆ ಕಬ್ಬು, ಮೆಕ್ಕೆಜೋಳವನ್ನೂ ಬಿಡುವುದಿಲ್ಲ. ಮೀನು ಹಿಡಿಯುವ ಅಭ್ಯಾಸವಿಲ್ಲ. ಚಳಿಗಾಲದ ದೀರ್ಘ ನಿದ್ದೆಯೂ ಇಲ್ಲ, ವರ್ಷವಿಡೀ ಎಚ್ಚರ. ಬಹುತೇಕ ಚಳಿಗಾಲದಲ್ಲಿ ಗವಿಯಲ್ಲಿ ಮರಿ ಹಾಕಿ, ಹೊರಬಂದ ಮೇಲೆ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಬೆನ್ನ ಮೇಲೆ ಮರಿ ಇರುವ ತಾಯಿಯೇ ಎಲ್ಲಕ್ಕಿಂತ ಅಪಾಯ.

ದರೋಜಿಯಲ್ಲಿ ಏನು ನೋಡಬಹುದು?

ದರೋಜಿ ಕರಡಿಧಾಮ ಘೋಷಣೆಯಾದದ್ದು 1994ರಲ್ಲಿ. ಸಂಡೂರು, ಹೊಸಪೇಟೆ ನಡುವಿನ ಬಿಳಿಕಲ್ಲು ಮೀಸಲು ಅರಣ್ಯದ ಸುಮಾರು 5,587 ಹೆಕ್ಟೇರ್‌ನಿಂದ ಆರಂಭವಾಗಿ 2009ರಲ್ಲಿ ವಿಸ್ತಾರವಾಯಿತು. ಹಂಪಿಯಿಂದ ಸುಮಾರು 15 ಕಿ.ಮೀ. ದೂರ. ‘ಕಾಡು’ ಎಂದಾಗ ಪಶ್ಚಿಮಘಟ್ಟದ ಹಸಿರು ನೆನಪಿಸಿಕೊಂಡು ಹೋದವರಿಗೆ ನಿರಾಸೆಯಾಗಬಹುದು. ಇದು ಬಂಡೆಗಳ ಕಾಡು. ಒಂದರ ಮೇಲೊಂದು ಪೇರಿಸಿದಂತಿರುವ ಗುಂಡುಕಲ್ಲು, ಅವುಗಳ ಸಂದಿಯಲ್ಲಿ ಗವಿ, ನಡುವೆ ಮುಳ್ಳುಪೊದೆ. ಕರಡಿಗೆ ಬೇಕಾದ್ದು ಅದೇ. ರಾಮಾಯಣದ ಕಿಷ್ಕಿಂಧೆ ಇದೇ ಸೀಮೆ ಎಂಬ ನಂಬಿಕೆ ಇರುವುದರಿಂದ, ಜಾಂಬವಂತನ ಸಂತತಿ ಇಲ್ಲೇ ಇದೆ ಎನ್ನುವವರೂ ಇದ್ದಾರೆ!

ಕರಡಿಕಲ್ಲು ಗುಡ್ಡದ ಎದುರಿಗೆ ವೀಕ್ಷಣಾ ಗೋಪುರವಿದೆ. ಪ್ರವಾಸಿಗರಿಗೆ ಅವಕಾಶ ಮಧ್ಯಾಹ್ನದ ನಂತರ. ಬಂಡೆಗಳ ಮೇಲೆ ಅರಣ್ಯ ಸಿಬ್ಬಂದಿ ಬೆಲ್ಲ ಮುಂತಾದ ಸಿಹಿ ಬಳಿಯುವ ರೂಢಿ ಬಹಳ ವರ್ಷಗಳಿಂದ ನಡೆದುಬಂದಿದೆ. ಬಿಸಿಲು ಇಳಿಯುತ್ತಿದ್ದಂತೆ ಗವಿಯಿಂದ ಕರಡಿಗಳು ಇಳಿದು ಬಂದು ನೆಕ್ಕುತ್ತವೆ. ಜೊತೆಗೆ ನವಿಲು, ಕಾಡುಹಂದಿ, ಮುಂಗುಸಿ. ಅದೃಷ್ಟವಿದ್ದರೆ ಚಿರತೆ. ಪಕ್ಷಿ ನೋಡುವವರು ಹಳದಿ ಕೊರಳಿನ ಪಿಕಳಾರ ಹುಡುಕಿಕೊಂಡು ದೂರದಿಂದ ಇಲ್ಲಿಗೆ ಬರುತ್ತಾರೆ.

ಬೆಲ್ಲ ಬಳಿಯುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪ್ರವಾಸಿಗರಿಗೆ ಕರಡಿ ಕಾಣುತ್ತದೆ, ಧಾಮದ ಬಗ್ಗೆ ಜನರಿಗೆ ಅಭಿಮಾನ ಹುಟ್ಟುತ್ತದೆ ಎಂಬುದು ಒಂದು ವಾದ. ಕಾಡುಪ್ರಾಣಿಗೆ ಮನುಷ್ಯ ಕೊಡುವ ಸಿಹಿಯ ಚಟ ಹತ್ತಬಾರದು ಎಂಬುದು ಇನ್ನೊಂದು. ಎರಡನೆಯದಕ್ಕೇ ನಮ್ಮ ಒಲವು. ಆದರೆ ಒಂದು ಮಾತಿನಲ್ಲಿ ಎರಡೂ ಕಡೆಯವರು ಒಪ್ಪುತ್ತಾರೆ: ಇಲಾಖೆ ಮಾಡುತ್ತದೆಂದು ನೀವು ಕಾರಿನಿಂದ ಬಾಳೆಹಣ್ಣು ಎಸೆಯುವಂತಿಲ್ಲ.

ಗೋಪುರದಿಂದ ಬಂಡೆಗೆ ಸಾಕಷ್ಟು ದೂರವಿದೆ. ಮೊಬೈಲ್ ಕ್ಯಾಮೆರಾದಲ್ಲಿ ಕರಡಿ ಕರಿ ಚುಕ್ಕೆಯಾಗಿ ಮಾತ್ರ ಬರುತ್ತದೆ. ದುರ್ಬೀನು ಇದ್ದರೆ ಒಯ್ಯಿರಿ. ಚಿತ್ರ ಚೆನ್ನಾಗಿ ಬರಲಿಲ್ಲವೆಂದು ಕೆಳಗಿಳಿದು ಮುಂದೆ ಹೋಗುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ವಿರುದ್ಧ.

ಇನ್ನು ಉಳಿದುಕೊಳ್ಳುವ ವಿಷಯ. ಕಮಲಾಪುರದ ಕಡೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಗೃಹವಿದೆ. ಇದೇ ಸಂಸ್ಥೆ 1980ರಲ್ಲಿ ಕಬಿನಿಯಿಂದ ಶುರುವಾದದ್ದು. ಇಲ್ಲಿ ಊಟ, ಕರೆಂಟ್, ವಾಹನ, ಜೊತೆಗೆ ಬರುವ ಮಾರ್ಗದರ್ಶಿ ಎಲ್ಲ ಉಂಟು. ಅಂದರೆ ಅಲಾಸ್ಕಾದ ಒಂಟಿ ಮನೆಯಲ್ಲ. ‘ಕಾಡೊಳಗಿನ ಮನೆ ಕೊಡಿಸುತ್ತೇವೆ, ಮುಂಗಡ ಕಳಿಸಿ’ ಎಂದು ಖಾಸಗಿ ನಂಬರಿನಿಂದ ಬರುವ ಸಂದೇಶಕ್ಕೆ ಹಣ ಹಾಕಬೇಡಿ. ಸಂಸ್ಥೆಯ ಅಧಿಕೃತ ಜಾಲತಾಣದಲ್ಲೇ ಕೋಣೆ ಕಾದಿರಿಸಿ.

ಮೀನಿನ ಕಥೆ ಬೇರೆಯೇ

ಗಾಳ ಹಾಕಲೆಂದೇ ಕಾಡಿನಲ್ಲಿ ಉಳಿಯುವ ಸಂಪ್ರದಾಯ ಕರ್ನಾಟಕದಲ್ಲಿ ಇತ್ತು, ಆದರೆ ಅದು ಕಾವೇರಿಯದು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಿಗೆ ಮಹಶೀರ್ ಮೀನಿಗಾಗಿ ವಿದೇಶಗಳಿಂದಲೂ ಜನ ಬರುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ 54 ಕಿಲೊ. ಆಮೇಲಿನ ವರ್ಷಗಳಲ್ಲಿ ಹಿಡಿದ ಮೀನನ್ನು ತೂಗಿ ವಾಪಸ್ ನೀರಿಗೆ ಬಿಡುವ ಪದ್ಧತಿ ಬಂತು. ಅದೂ ಕಾವೇರಿ ವನ್ಯಧಾಮದೊಳಗೆ ನಿಂತುಹೋಯಿತು. ರಕ್ಷಿತ ಪ್ರದೇಶದಲ್ಲಿ ಮೋಜಿಗೆ ಮೀನು ಹಿಡಿಯುವುದು ವನ್ಯಜೀವಿ ಕಾನೂನಿಗೆ ಹೊಂದುವುದಿಲ್ಲ ಎಂಬುದು ಕಾರಣ. ಗಾಳದವರು ಇದ್ದಾಗ ಡೈನಮೈಟ್ ಸಿಡಿಸಿ ಮೀನು ಕೊಲ್ಲುವವರಿಗೆ ಹೆದರಿಕೆ ಇತ್ತು, ಈಗ ಕಾವಲು ಕಡಿಮೆಯಾಯಿತು ಎಂದು ವಾದಿಸುವವರೂ ಇದ್ದಾರೆ. ಏನೇ ಇರಲಿ, ಡುಬ್ಬದ ಮಹಶೀರ್ ಇಂದು ಅಳಿವಿನ ತೀವ್ರ ಅಪಾಯದಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ.

ಹಂಪಿ ಬದಿಯ ತುಂಗಭದ್ರೆಯಲ್ಲಾದರೂ ಹಿಡಿಯಬಹುದಲ್ಲ ಎನ್ನುತ್ತೀರಾ? ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಮೊಸಳೆಯೂ ಅಲ್ಲಿದೆ.

ನಾಲತವಾಡದವರಿಗೆ ಮೀನು ಬೇಕೆಂದರೆ ಮನೆ ಬಾಗಿಲಲ್ಲೇ ನಾರಾಯಣಪುರ ಜಲಾಶಯವಿದೆ. 1982ರಲ್ಲಿ ಮುಗಿದ ಬಸವಸಾಗರ ಅಣೆಕಟ್ಟೆಯ ಹಿನ್ನೀರಿನಲ್ಲಿ ಕಾಟ್ಲಾ, ರೋಹು ಹಿಡಿಯುವ ಕುಟುಂಬಗಳಿಗೆ ಅದು ಹೊಟ್ಟೆಪಾಡು. ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಅಣೆಕಟ್ಟೆಯ ಕೆಳಗಿನ ಬಂಡೆಗಳ ಮೇಲೆ ಗಾಳ ಹಾಕಿ ಕೂರುವುದು ಮಾತ್ರ ಯಾವ ಕರಡಿಗಿಂತಲೂ ದೊಡ್ಡ ಅಪಾಯ. ಗೇಟು ಎತ್ತಿದರೆ ನೀರು ಏರುವುದಕ್ಕೆ ಹೆಚ್ಚು ಹೊತ್ತು ಬೇಡ. ಕೃಷ್ಣೆಯಲ್ಲಿಯೂ ಮೊಸಳೆಗಳಿವೆ.

‘ಕರಡಿ ಬಂದರೆ ಉಸಿರು ಹಿಡಿದು ಮಲಗು’: ಕಥೆಯಲ್ಲಿ ಎಷ್ಟು ನಿಜ?

ಇಬ್ಬರು ಗೆಳೆಯರ ಕಥೆ ಎಲ್ಲರಿಗೂ ಗೊತ್ತು. ಒಬ್ಬ ಮರ ಹತ್ತಿದ. ಇನ್ನೊಬ್ಬ ಸತ್ತಂತೆ ಬಿದ್ದ. ಕರಡಿ ಮೂಸಿ ಹೊರಟುಹೋಯಿತು. ಗೆಳೆತನದ ನೀತಿ ಹೇಳಲು ಕಥೆ ಚೆನ್ನಾಗಿದೆ, ಜೀವ ಉಳಿಸಿಕೊಳ್ಳಲು ಇದನ್ನೇ ನಂಬಿದರೆ ಕಷ್ಟ.

ಮೊದಲನೆಯದು, ನಮ್ಮ ಕರಡಿ ಮರ ಹತ್ತುತ್ತದೆ. ಜೇನಿಗಾಗಿ ಎತ್ತರದ ಕೊಂಬೆಗೂ ಹೋಗುತ್ತದೆ. ಕಥೆಯ ಮೊದಲ ಗೆಳೆಯ ಬದುಕಿದ್ದು ಮರದಿಂದಲ್ಲ, ಅದೃಷ್ಟದಿಂದ. ಎರಡನೆಯದು, ಹೆಣವನ್ನು ಕರಡಿ ಮುಟ್ಟುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ. ಕೊಳೆತ ಮಾಂಸವನ್ನೂ ಅದು ಕೆಲವೊಮ್ಮೆ ತಿನ್ನುತ್ತದೆ.

ಹಾಗಾದರೆ ಮಲಗುವುದರಿಂದ ಲಾಭವೇ ಇಲ್ಲವೇ? ಇದೆ, ಕಾರಣ ಮಾತ್ರ ಬೇರೆ. ಈ ಕರಡಿ ಮನುಷ್ಯನನ್ನು ತಿನ್ನಲು ಮೇಲೆ ಬೀಳುವುದಿಲ್ಲ. ಹುಲಿ, ಚಿರತೆಗಳ ನಡುವೆ ಬದುಕಿದ ಪ್ರಾಣಿ ಇದು. ಓಡಿ ತಪ್ಪಿಸಿಕೊಳ್ಳುವ ಬದಲು ಮೊದಲು ತಾನೇ ಎರಗಿ ಹೆದರಿಸುವುದು ಇದರ ಬುದ್ಧಿ. ಮೂಗು ಬಲು ಚುರುಕು, ಕಣ್ಣು ಮಂದ. ಗಾಳಿ ಎದುರಿನಿಂದ ಬೀಸುತ್ತಿದ್ದು, ಅದು ಹುತ್ತ ಕೆದರುವುದರಲ್ಲಿ ಮುಳುಗಿದ್ದರೆ ನೀವು ಹತ್ತು ಹೆಜ್ಜೆ ದೂರಕ್ಕೆ ಬರುವ ತನಕ ತಿಳಿಯುವುದಿಲ್ಲ. ತಟ್ಟನೆ ಕಂಡಾಗ ಬೆದರಿ ಎರಗುತ್ತದೆ. ಎದುರಿನವರಿಂದ ಅಪಾಯವಿಲ್ಲ ಎನಿಸಿದರೆ ಸಾಮಾನ್ಯವಾಗಿ ಬಿಟ್ಟು ಹೋಗುತ್ತದೆ. ನೆಲಕ್ಕೆ ಬಿದ್ದು ಸುಮ್ಮನಾಗುವುದು ಆ ಸಂದೇಶ ಕೊಡುತ್ತದೆ.

ಮಲಗುವ ರೀತಿಯೇ ಮುಖ್ಯ. ಕಥೆಯ ಗೆಳೆಯ ಅಂಗಾತ ಮಲಗಿದ ಚಿತ್ರ ಪುಸ್ತಕಗಳಲ್ಲಿ ಇರುತ್ತದೆ. ಅದು ಅತ್ಯಂತ ಕೆಟ್ಟ ಭಂಗಿ, ಯಾಕೆಂದರೆ ಈ ಕರಡಿಯ ದಾಳಿಯಲ್ಲಿ ಹೆಚ್ಚು ಗಾಯವಾಗುವುದು ಮುಖ ಮತ್ತು ತಲೆಗೆ. ಕಣ್ಣು, ಮೂಗು, ದವಡೆ ಕಳೆದುಕೊಂಡು ಬದುಕಿದವರಿದ್ದಾರೆ. ಬೋರಲಾಗಿ, ಮುಖ ನೆಲಕ್ಕೆ ಒತ್ತಿ, ಎರಡೂ ಕೈಬೆರಳು ಹೆಣೆದು ಕುತ್ತಿಗೆಯ ಹಿಂಭಾಗ ಮುಚ್ಚಿ, ಮೊಣಕೈಗಳಿಂದ ಮುಖದ ಬದಿಗಳನ್ನು ಕಾಪಾಡಿಕೊಳ್ಳಬೇಕು. ಬೆನ್ನಿಗೆ ಚೀಲವಿದ್ದರೆ ತೆಗೆಯಬೇಡಿ. ಕರಡಿ ದೂರ ಹೋಗಿದ್ದು ಖಚಿತವಾಗುವ ತನಕ ಏಳಬೇಡಿ. ಇದು ಕರಡಿ ಮೈಮೇಲೆ ಬಿದ್ದಾಗಿನ ಮಾತು. ದೂರದಲ್ಲಿ ಕಂಡ ಕೂಡಲೇ ಮಲಗುವುದಲ್ಲ. ಆಗ ಓಡದೆ, ಕಿರುಚದೆ, ಅದರ ಕಡೆ ನೋಡುತ್ತಲೇ ನಿಧಾನವಾಗಿ ಹಿಂದೆ ಸರಿಯಬೇಕು.

ಇಳಿಜಾರಿನಲ್ಲಿ ಓಡಿದರೆ ಕರಡಿಯ ಕೂದಲು ಕಣ್ಣಿಗೆ ಬಿದ್ದು ದಾರಿ ಕಾಣದು ಎಂಬ ಮಾತು ಹಳ್ಳಿಹಳ್ಳಿಯಲ್ಲೂ ಇದೆ. ಸುಳ್ಳು. ಏರಿನಲ್ಲೂ ಇಳಿಜಾರಿನಲ್ಲೂ ಅದು ನಿಮಗಿಂತ ವೇಗ.

ಎಲ್ಲಕ್ಕಿಂತ ಒಳ್ಳೆಯದು ತಟ್ಟನೆ ಎದುರಾಗದಂತೆ ನೋಡಿಕೊಳ್ಳುವುದು. ಕರಡಿ ಇರುವ ಗುಡ್ಡದ ಕಡೆ ಕುರಿ ಕಾಯುವವರು, ಕಟ್ಟಿಗೆಗೆ, ನಸುಕಿನಲ್ಲಿ ಬಯಲಿಗೆ ಹೋಗುವವರು ಒಬ್ಬೊಬ್ಬರೇ ಹೋಗದೆ, ಮಾತಾಡುತ್ತಾ, ಕೋಲಿನಿಂದ ನೆಲ ಬಡಿಯುತ್ತಾ ನಡೆಯಬೇಕು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೋಗುವುದು ಬೇಡವೇ ಬೇಡ. ಈ ಮಾತು ಪ್ರವಾಸಿಗನಿಗಿಂತ ಕಾಡಂಚಿನ ರೈತನಿಗೇ ಹೆಚ್ಚು ಬೇಕಾದದ್ದು. ಗೋಪುರದ ಮೇಲೆ ನಿಂತವರಿಗೆ ಕರಡಿ ಚಂದ, ನಸುಕಿನಲ್ಲಿ ಹೊಲಕ್ಕೆ ನೀರು ಕಟ್ಟಲು ಹೋದವರಿಗೆ ಅದೇ ಕರಡಿ ಬೇರೆ.

ಕಚ್ಚಿದರೆ ಅಥವಾ ಪರಚಿದರೆ?

108ಕ್ಕೆ ಕರೆ ಮಾಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ರಕ್ತ ಸುರಿಯುತ್ತಿದ್ದರೆ ಮೊದಲು ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕಣ್ಣಿನ ಗುಡ್ಡೆಯ ಮೇಲೆ ಮಾತ್ರ ಒತ್ತಬೇಡಿ. ಮುಖದ ಗಾಯವಾಗಿದ್ದರೆ ರಕ್ತ ಗಂಟಲಿಗೆ ಇಳಿಯದಂತೆ ಮಗ್ಗುಲಾಗಿ ಮಲಗಿಸಿ. ಜೋತುಬಿದ್ದ ಚರ್ಮವನ್ನು ಕಿತ್ತು ಬಿಸಾಡಬೇಡಿ, ಶಸ್ತ್ರಚಿಕಿತ್ಸೆಯಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಬಹಳ ಜನ ಮರೆಯುವುದು ರೇಬಿಸ್. ಅದು ನಾಯಿಯಿಂದ ಮಾತ್ರ ಬರುತ್ತದೆ ಎಂದುಕೊಂಡು ಹೊಲಿಗೆ ಹಾಕಿಸಿ ಮನೆಗೆ ಬಂದುಬಿಡುತ್ತಾರೆ. ಯಾವುದೇ ಸಸ್ತನಿಗೆ ರೇಬಿಸ್ ಬರಬಹುದು. ಕಾಡುಪ್ರಾಣಿಯ ಕಡಿತವನ್ನು ವೈದ್ಯರು ಮೂರನೆಯ, ಅಂದರೆ ಅತಿ ತೀವ್ರ ವರ್ಗದ ಗಾಯವೆಂದೇ ನೋಡುತ್ತಾರೆ. ರಕ್ತ ಹತೋಟಿಗೆ ಬಂದ ಮೇಲೆ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಲಸಿಕೆಯ ಜೊತೆಗೆ ಗಾಯದ ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಲಸಿಕೆಯ ಶಕ್ತಿ ಮೈಯಲ್ಲಿ ಹುಟ್ಟಲು ದಿನಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಕಾಯುವುದು ಅದೇ. ಟೆಟನಸ್ ಚುಚ್ಚುಮದ್ದೂ ಬೇಕು. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿಪುಡಿ ತುಂಬುವುದರಿಂದ ಗಾಯ ಕೆಡುತ್ತದೆ, ತೊಳೆಯುವ ಹೊತ್ತೂ ವ್ಯರ್ಥವಾಗುತ್ತದೆ. ರೇಬಿಸ್‌ನ ಲಕ್ಷಣ ಕಾಣಿಸಿದ ಮೇಲೆ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು. ಆದ್ದರಿಂದ ಒಂದು ದಿನವೂ ತಡಮಾಡುವಂತಿಲ್ಲ.

ಕರಡಿ ಕೂದಲಿನ ತಾಯತ

ಮಗು ನಿದ್ದೆಯಲ್ಲಿ ಬೆಚ್ಚಿದರೆ ಕರಡಿ ಕೂದಲನ್ನು ತಾಯತದಲ್ಲಿ ಕಟ್ಟುವುದು, ಕರಡಿ ಆಡಿಸುವವರು ಬಂದಾಗ ಮಗುವನ್ನು ಅದರ ಬೆನ್ನ ಮೇಲೆ ಕೂರಿಸುವುದು ನಮ್ಮ ಭಾಗದ ಹಳೆಯ ರೂಢಿ. ಕೂದಲಿನಲ್ಲಿ ಭಯ ಓಡಿಸುವ ಯಾವ ಗುಣವೂ ಇಲ್ಲ, ಅದೂ ನಮ್ಮ ಉಗುರು, ಕೂದಲಿನಂತೆ ಕೆರಾಟಿನ್ ಎಂಬ ವಸ್ತು. ಸಣ್ಣ ಮಕ್ಕಳು ರಾತ್ರಿ ಬೆಚ್ಚುವುದು ಬಹುಪಾಲು ಬೆಳೆಯುತ್ತಾ ತಾನಾಗಿ ನಿಲ್ಲುತ್ತದೆ. ತಾಯತ ಕಟ್ಟಿದ ಮೇಲೆ ನಿಂತರೆ ಹೆಸರು ತಾಯತಕ್ಕೆ ಹೋಗುತ್ತದೆ, ಅಷ್ಟೆ.

ಆ ಕೂದಲಿಗಾಗಿ, ಆಟಕ್ಕಾಗಿ ತಾಯಿಯನ್ನು ಕೊಂದು ಮರಿ ಹಿಡಿದು, ಮೂತಿ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಕರಡಿ ಇದೆ. ಅದನ್ನು ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು. ಕೂದಲು, ಉಗುರು ಮಾರುವುದೂ ಕೊಳ್ಳುವುದೂ ಅಪರಾಧ. ಆಡಿಸುವವರಿಂದ ಬಿಡಿಸಿದ ಕರಡಿಗಳಲ್ಲಿ ಹಲವು ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೆ ಬಂದವು. ಅಂದಹಾಗೆ, ನಮ್ಮ ಕರಡಿ ಮಜಲಿನ ‘ಕರಡಿ’ ವಾದ್ಯದ ಹೆಸರು. ಆ ಮಜಲನ್ನು ಎಷ್ಟು ಬೇಕಾದರೂ ಬಾರಿಸಿ!

ರಾತ್ರಿ ಉಳಿದಾಗ

ವಸತಿಗೃಹವಾಗಲಿ, ಹೊಲದ ಮನೆಯಾಗಲಿ, ಕಲ್ಲುಗುಡ್ಡದ ಪಕ್ಕ ಮಲಗುವವರು ಕರಡಿಗಿಂತ ಹಾವಿನ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು. ಬಾಗಿಲ ಸುತ್ತ ಫಿನಾಯಿಲ್, ಬೆಳ್ಳುಳ್ಳಿ ನೀರು, ಸೀಮೆಎಣ್ಣೆ ಚೆಲ್ಲಿದರೆ ಹಾವು ಬರುವುದಿಲ್ಲ ಎಂಬುದನ್ನು ನಂಬಿ ನೆಲದ ಮೇಲೆ ಮಲಗಬೇಡಿ. ಮಂಚ, ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆ, ಎದ್ದಾಗ ಬ್ಯಾಟರಿ, ಇವು ನಿಜಕ್ಕೂ ಕೆಲಸ ಮಾಡುತ್ತವೆ.

ಚಳಿಯೆಂದು ಇದ್ದಿಲಿನ ಕೆಂಡವನ್ನು ಕೋಣೆಯೊಳಗೆ ಇಟ್ಟು ಬಾಗಿಲು ಮುಚ್ಚುವವರೂ ಇದ್ದಾರೆ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಪಕ್ಕದಲ್ಲಿ ಒಂದು ಪಾತ್ರೆ ನೀರಿಟ್ಟರೆ ಅನಿಲವನ್ನು ಹೀರಿಕೊಳ್ಳುತ್ತದೆ ಎಂಬುದೂ ಸುಳ್ಳು. ಕೆಂಡವನ್ನು ಅಂಗಳದಲ್ಲೇ ಕಾಯಿಸಿಕೊಂಡು, ನೀರು ಹಾಕಿ ಆರಿಸಿ, ಕಂಬಳಿ ಹೊದ್ದು ಒಳಗೆ ಮಲಗಿ.